ನಾಳೆ ಆಳಿಗೆ ಬಾ

ಕಾಡುಗೋಡಿಯಲ್ಲಿ ಈಗ ಕಾಡು ಇಲ್ಲ, ಗೋಡೆಗೆ ಮಾತ್ರ ಬರವಿಲ್ಲ. ಅಂಥ ಎರಡು ಗೋಡೆಗಳ ನಡುವೆ, ಈ ಕಡೆ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು, ಆ ಕಡೆ ಯಾರದೋ ಗೋಡೌನು, ಮಧ್ಯೆ ಈಶ್ವರಮ್ಮನ ಹದಿನೆಂಟು ಗುಂಟೆ ಸೊಪ್ಪಿನ ತೋಟ ಉಸಿರು ಬಿಗಿಹಿಡಿದು ಕೂತಿತ್ತು. ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ. ಬೆಳಗ್ಗೆ ಆರಕ್ಕೆ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಬುಟ್ಟಿ ಇಳಿಸಿದರೆ ಎಂಟರೊಳಗೆ ಖಾಲಿ. ಸೊಪ್ಪು ತಾಜಾ ಎಂಬುದು ಅರ್ಧ ಕಾರಣ. ಇನ್ನರ್ಧ, ಈಶ್ವರಮ್ಮನ ಗಂಟಲು.

ಐವತ್ತೆಂಟರ ಈ ಹೆಂಗಸಿನ ಗಂಟಲಲ್ಲಿ ಇಡೀ ಊರು ಬಾಡಿಗೆಗಿತ್ತು. ಮೆಟ್ರೊದಲ್ಲಿ ನಿಲ್ದಾಣದ ಹೆಸರು ಹೇಳುವ ಹುಡುಗಿಯ ದನಿಯನ್ನು ಕಡ ತಂದು, "ಮುಂದಿನ ನಿಲ್ದಾಣ ದಂಟು ಸೊಪ್ಪು. ದಯವಿಟ್ಟು ಚೀಲದ ಬಾಯನ್ನು ಎಡಗಡೆಗೆ ತೆರೆಯಿರಿ" ಎಂದರೆ ವಾಕಿಂಗ್ ಹೊರಟವರೂ ನಿಂತು ನಕ್ಕು ಎರಡು ಕಟ್ಟು ಕೊಳ್ಳುತ್ತಿದ್ದರು. ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಕೆಮ್ಮು, ತಮ್ಮ ಲೋಕೇಶ ಓಡಿಸುವ ನೀರಿನ ಟ್ಯಾಂಕರು ರಿವರ್ಸ್ ಹೋಗುವಾಗಿನ ಕೀಂ ಕೀಂ, ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಕೊಪ್ಪಳದ ರುಕ್ಮವ್ವನ "ಹೌದೇನ್ರಿ ಅಕ್ಕಾರ", ಯಾವುದನ್ನೂ ಬಿಟ್ಟವಳಲ್ಲ.

ಡಿಸೆಂಬರಿನ ಒಂದು ಸಂಜೆ ಮಗಳು ವೇಣಿ ಫೋನು ಉಜ್ಜುತ್ತಲೇ ವಿಷಯ ತೆಗೆದಳು. ವೈಟ್‌ಫೀಲ್ಡಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಅವಳಿಗೆ ಹೊಸದನ್ನು ಹೇಳುವಾಗ ತಲೆಯೆತ್ತುವ ಅಭ್ಯಾಸವಿರಲಿಲ್ಲ.

"ಅಮ್ಮಾ, ನಮ್ಮ ತೋಟಕ್ಕೆ ಫಾರಿನ್ ಹುಡುಗಿ ಒಬ್ಳು ಬರ್ತಾಳೆ. ಹದಿನಾಲ್ಕು ದಿನ ಇರ್ತಾಳೆ."

"ಯಾಕೆ, ಸೈಟ್ ನೋಡಕ್ಕಾ?"

"ಅಯ್ಯೋ ಅಲ್ಲಮ್ಮ. ಕೆಲಸ ಮಾಡೋಕೆ. ಅವರೆಲ್ಲ ದೇಶ ಸುತ್ತುತಾ ಸುತ್ತುತಾ ಚಿಕ್ಕ ಚಿಕ್ಕ ತೋಟದಲ್ಲಿ ಉಳ್ಕೊಂಡು ಕೆಲಸ ಮಾಡಿಕೊಡ್ತಾರೆ. ಕೂಲಿ ಕೇಳಲ್ಲ. ಊಟ ಹಾಕಿ ಮಲಗೋಕೆ ಜಾಗ ಕೊಟ್ರೆ ಸಾಕು. ನಾನೇ ಒಂದು ಸೈಟಲ್ಲಿ ನಮ್ಮ ಹೆಸರು ಹಾಕಿದ್ದೆ."

"ನಾನಂದಿದ್ದೂ ಸೈಟೇ ತಾನೆ?" ಎಂದು ಈಶ್ವರಮ್ಮ ದಂಟಿನ ಕಟ್ಟಿಗೆ ಬಾಳೆನಾರು ಸುತ್ತಿದಳು. "ಅವರಿಗೂ ಒಲ ಐತಾ?"

"ಅವಳಜ್ಜಿದು ಇದೆಯಂತೆ. ಬೆಟ್ಟದ ಮೇಲೆ. ಹಸು, ಹುಲ್ಲು ಕುಯ್ಯೋದು, ಅದೇ."

"ಕೂಲಿ ಇಲ್ಲ, ಊಟ ಐತೆ, ಅವರಿಗೂ ಒಲ ಐತೆ. ಅಂದ್ರೆ ಮುಯ್ಯಾಳು ಅನ್ನು."

"ಹ್ಞೂಂ ಅಮ್ಮ, ಹಂಗೇ ಅಂದ್ಕೋ."

ಫೋನಿನಿಂದ ತಲೆಯೆತ್ತದೆ ವೇಣಿ ಅಂದ ಆ ಒಂದು ‘ಹ್ಞೂಂ’ ಮುಂದೆ ಏಳು ಸಮುದ್ರ ದಾಟಲಿದೆ ಎಂದು ಯಾರಿಗೆ ಗೊತ್ತಿತ್ತು?

ಈಗಿನವರಿಗೆ ಮುಯ್ಯಿ ಅಂದರೆ ಮದುವೆ ಮನೆಯಲ್ಲಿ ಕೈಗಿಡುವ ಕವರು. ಈಶ್ವರಮ್ಮ ಬೆಳೆದ ಕಾಲಕ್ಕೆ ಅದು ಬೆವರು. ನಿಮ್ಮ ಮನೆಯ ಒಂದಾಳು ನಮ್ಮ ರಾಗಿ ಹೊಲದಲ್ಲಿ ಬೆನ್ನು ಬಗ್ಗಿಸಿದರೆ, ನಮ್ಮ ಮನೆಯ ಒಂದಾಳು ನಿಮ್ಮ ಹೊಲಕ್ಕೆ ಹೋಗಿ ಅಷ್ಟೇ ದಿನ ಬಗ್ಗಿಸಬೇಕು. ಅದಕ್ಕೊಂದು ಗತ್ತೂ ಇತ್ತು. ಹೊಲದವರು ಹಿಂದಿನ ಸಂಜೆ ಬಂದು ಹೊಸ್ತಿಲ ಆಚೆ ನಿಂತು, ಹೆಸರು ಹಿಡಿದು, "ನಾಳೆ ಆಳಿಗೆ ಬಾ" ಎಂದು ಕರೆಯಬೇಕು. ಒಳಗಿನವರು "ಬತ್ತೀನಿ, ಮುದ್ದೆ ಮಾಡಿರು" ಅನ್ನಬೇಕು. ಕರೆಯದೆ ಹೊಲಕ್ಕೆ ಇಳಿಯುವಂತಿಲ್ಲ. ಮಳೆಗೂ ಬೆಂಕಿಗೂ ಮಾತ್ರ ಕರೆ ಬೇಕಿಲ್ಲ. ಈಶ್ವರಮ್ಮನ ತಾಯಿ ಅನುಸೂಯಮ್ಮ ಕೊನೆಯುಸಿರೆಳೆಯುವ ಹಿಂದಿನ ವಾರ ಮಗಳ ಕೈ ಹಿಡಿದು ಹೇಳಿದ್ದು ಒಡವೆಯ ಮಾತಲ್ಲ, ಜಮೀನಿನ ಮಾತಲ್ಲ. "ಯಾರ ಮನೆ ಮುಯ್ಯೀನೂ ನನ್ನ ಮೇಲಿಲ್ಲ ಕಣವ್ವ" ಎಂದಿದ್ದಳು. ಹಾಗೆ ಹೇಳಿ ಹೋಗುವ ಹೆಮ್ಮೆ ತನಗೂ ಇರಬೇಕೆಂದು ಈಶ್ವರಮ್ಮ ಅಂದೇ ಗಂಟು ಹಾಕಿಕೊಂಡಿದ್ದಳು.

ಬಂದ ಹುಡುಗಿಯ ಹೆಸರು ನೇಜಾ. ಊರು ಸ್ಲೊವೇನಿಯಾ ಎಂಬ ಪುಟ್ಟ ದೇಶ. ಬಿಳಿ ಮುಖದ ತುಂಬ ಎಳ್ಳು ಚೆಲ್ಲಿದಂಥ ಚುಕ್ಕಿ, ಬೆನ್ನ ಮೇಲೆ ಅವಳಷ್ಟೇ ಎತ್ತರದ ಚೀಲ. ಈಶ್ವರಮ್ಮ ಅಂದೇ ಅವಳಿಗೆ ನಿಜಮ್ಮ ಎಂದು ಹೆಸರಿಟ್ಟಳು.

ಲೋಕೇಶ ಟ್ಯಾಂಕರಿನಿಂದ ಇಳಿದವನೇ, "ಅಕ್ಕೋ, ಉಡ್ಗಿ ಎಸ್ರು ನಿಜ, ದೇಶ ಸುಳ್ಳೇನಿಯಾ! ಇದನ್ನ ಎಂಗೆ ನಂಬೋದು?" ಎಂದ.

"ನಿನ್ನ ಟ್ಯಾಂಕರಲ್ಲಿ ಆರು ಸಾವಿರ ಲೀಟರ್ ಇರ್ತದೆ ಅನ್ನೋದನ್ನೇ ನಂಬ್ತಾರಂತೆ ಜನ, ಇದನ್ನ ನಂಬಲ್ವಾ? ಓಗ್ಲಾ" ಎಂದಳು ಅಕ್ಕ.

ನಿಜಮ್ಮ ಮಲಗಿದ್ದು ಇವರ ಪಕ್ಕದ ಕೋಣೆಯಲ್ಲೇ. ಆದರೂ ಪ್ರತಿ ಸಂಜೆ ಈಶ್ವರಮ್ಮ ತನ್ನ ಮನೆಯಿಂದ ತಾನೇ ಹೊರಗೆ ಹೋಗಿ, ಹೊಸ್ತಿಲಾಚೆ ನಿಂತು, ಸೆರಗು ಸರಿಮಾಡಿಕೊಂಡು, "ನಿಜಮ್ಮಾ, ನಾಳೆ ಆಳಿಗೆ ಬಾ" ಎಂದು ಕೂಗುವಳು. ಹುಡುಗಿ ಬಿದ್ದು ಬಿದ್ದು ನಗುತ್ತ, ವೇಣಿ ಕಲಿಸಿಕೊಟ್ಟಂತೆ, "ಬತ್ತೀನಿ, ಮುದ್ದೆ ಮಾಡಿರು" ಅನ್ನುವಳು.

ಮೂರನೆಯ ದಿನ ನಿಜಮ್ಮ ಒಂದು ಮಡಿ ಪಾಲಕ್ಕನ್ನು ಬುಡಸಮೇತ ಕಿತ್ತಿಟ್ಟಳು. ಕೊತ್ತಂಬರಿಯನ್ನು ಕೀಳಬೇಕು, ಪಾಲಕ್ಕನ್ನು ಕೊಯ್ಯಬೇಕು. ಕೊಯ್ದರೆ ಮತ್ತೆ ಚಿಗುರುತ್ತದೆ. ವಿಷಯ ತಿಳಿದು ಹುಡುಗಿಯ ಕಣ್ಣು ತುಂಬಿತು. ಈಶ್ವರಮ್ಮ ಬುಟ್ಟಿ ಎತ್ತಿಕೊಂಡು ಗೇಟಿಗೆ ಹೋಗಿ ಮೆಟ್ರೊ ದನಿ ತೆಗೆದಳು. "ಪ್ರಯಾಣಿಕರ ಗಮನಕ್ಕೆ. ಇಂದು ಮಾತ್ರ ಪಾಲಕ್ಕು ಕುಟುಂಬ ಸಮೇತ ಬಂದಿದೆ." ಬುಟ್ಟಿ ಏಳೂಕಾಲಿಗೇ ಖಾಲಿ. ಹದಿನಾಲ್ಕನೆಯ ದಿನದ ಹೊತ್ತಿಗೆ ನಿಜಮ್ಮ ಬಿಗಿದ ಬಾಳೆನಾರಿನ ಕಟ್ಟನ್ನು ಎಸೆದರೂ ಬಿಚ್ಚುತ್ತಿರಲಿಲ್ಲ. ಹೋಗುವಾಗ ಈಶ್ವರಮ್ಮನನ್ನು ಅಪ್ಪಿಕೊಂಡು, ಒಂದು ಕಟ್ಟು ಬಾಳೆನಾರನ್ನೂ ಇಸಿದುಕೊಂಡು ಹೋದಳು.

ಬಸ್ಸು ಕಣ್ಮರೆಯಾದ ಮೇಲೆ ಈಶ್ವರಮ್ಮ ಮಗಳ ಕಡೆ ತಿರುಗಿದಳು. "ಅವರೂರಾಗೆ ಕೆಲಸ ಯಾವಾಗ ಬೀಳ್ತದಂತೆ?"

"ಯಾವ ಕೆಲಸ?"

"ಉಲ್ಲು ಕುಯ್ಯಾದು ಅಂದಿದ್ಯಲ್ಲ. ಅದಿನಾಲ್ಕು ದಿನ ನಾನು ಓಗಿ ತೀರಿಸಬೇಕಲ್ಲ?"

ವೇಣಿ ಈ ಸಲ ಫೋನಿನಿಂದ ತಲೆಯೆತ್ತಿದಳು. ಎರಡು ದಿನ ವಾದವಾಯಿತು. ಅದು ಹಾಗಲ್ಲ, ಅವರು ವಾಪಸ್ಸು ಏನೂ ಬಯಸುವುದಿಲ್ಲ, ಅದು ಅವರ ಖುಷಿ ಎಂದೆಲ್ಲ ಹೇಳಿದಳು. ಲೋಕೇಶನೂ ಸೇರಿಕೊಂಡ. "ಅಕ್ಕೋ, ಒಂದು ರೇಷ್ಮೆ ಸೀರೆ ಕೊರಿಯರ್ ಮಾಡ್ಬಿಡು. ಮುಗೀತು."

"ಅವಳು ಬೆನ್ನು ಬಗ್ಗಿಸಿದ್ಳು ಕಣ್ಲಾ. ನಾನು ಸೀರೆ ಬಿಸಾಕಲಾ? ನಮ್ಮವ್ವ ಮುಯ್ಯಿ ಉಳಿಸಿಕೊಳ್ಳದೆ ಓದ್ಳು. ನಾನು ಒತ್ಕೊಂಡು ಓಗಲಾ? ಊರಲ್ಲಿ ಒಲ ಒಂದೂ ಉಳೀಲಿಲ್ಲ, ಮುಯ್ಯಿ ಕೇಳೋರೂ ಉಳೀಲಿಲ್ಲ. ಇಷ್ಟು ವರ್ಷಕ್ಕೆ ಒಬ್ಳು ಬಂದು ನನ್ನ ಒಲದಲ್ಲಿ ದುಡಿದವ್ಳೆ. ದೂರ ಐತೆ ಅಂತ ಸುಮ್ನಿರಕ್ಕಾಯ್ತದಾ?"

ಹೋಗಲು ದುಡ್ಡಿನ ಕಷ್ಟವೇನೂ ಇರಲಿಲ್ಲ. ಹಿತ್ತಲಿನ ನಾಲ್ಕು ರೂಮುಗಳ ಬಾಡಿಗೆ ಬರುತ್ತಿತ್ತು. ಕಷ್ಟ ಬಂದದ್ದು ವೀಸಾ ಕೌಂಟರಿನಲ್ಲಿ. ಅಲ್ಲಿದ್ದ ಹುಡುಗ ಒಳ್ಳೆಯವನೇ, ಕನ್ನಡದಲ್ಲೇ ಕೇಳಿದ. "ಯಾಕೆ ಹೋಗ್ತಿದೀರಾ ಅಮ್ಮಾ?"

"ಟೂರು ಅನ್ನು" ಎಂದು ವೇಣಿ ದಾರಿಯುದ್ದಕ್ಕೂ ಪಾಠ ಮಾಡಿಸಿದ್ದಳು. ಈಶ್ವರಮ್ಮ ಬೆನ್ನು ನೆಟ್ಟಗೆ ಮಾಡಿ, "ಆಳಿಗೆ" ಎಂದಳು.

"ಕೆಲಸಕ್ಕಾ? ಅಮ್ಮಾ, ಇದು ಪ್ರವಾಸದ ಅರ್ಜಿ. ಕೆಲಸಕ್ಕೆ ಬೇರೆ." ಕಾಗದಗಳು ಹಿಂದಕ್ಕೆ ಬಂದವು.

ಕೊನೆಗೆ, ಅಮ್ಮನಿಗೆ ನಿಮ್ಮೂರು ನೋಡುವ ಆಸೆ ಎಂದಷ್ಟೇ ವೇಣಿ ಬರೆದ ಮೇಲೆ, ನೇಜಾಳ ಅಜ್ಜಿಯೇ ತನ್ನೂರಿನ ಕಚೇರಿಗೆ ಹೋಗಿ ಸಹಿ ಹಾಕಿ ಆಮಂತ್ರಣ ಪತ್ರ ಕಳಿಸಿದಳು. ಈಶ್ವರಮ್ಮ ನಮ್ಮ ಮನೆಯ ಅತಿಥಿ, ಅವರ ಊಟ ವಸತಿ ನಮ್ಮ ಹೊಣೆ ಎಂದು ಅದರಲ್ಲಿತ್ತು. ವೇಣಿ ಓದಿ ಹೇಳಿದಾಗ ಈಶ್ವರಮ್ಮನಿಗೆ ಅತಿಥಿ ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಆದರೂ ವೀಸಾ ಬಂತಲ್ಲ ಎಂದು ನುಂಗಿದಳು.

ಜುಲೈ ತಿಂಗಳಲ್ಲಿ ಹೊರಡುವ ದಿನ, ಹಳೆಯ ಸೀರೆಯಲ್ಲಿ ಸುತ್ತಿದ ಕುಡುಗೋಲು ಪೆಟ್ಟಿಗೆಯ ತಳಕ್ಕೆ ಹೋಯಿತು, ಅದರ ಮೇಲೆ ಎರಡು ಸೇರು ರಾಗಿ ಹಿಟ್ಟು. ತೋಟ ನೋಡಿಕೊಳ್ಳಲು ಒಪ್ಪಿದವಳು ರುಕ್ಮವ್ವ. ಅವಳು ಅಪಾರ್ಟ್‌ಮೆಂಟಿನ ಮನೆಗೆಲಸ ಮುಗಿಸಿ ಬಂದು ದಿನಾ ನೀರು ಬಿಡುವುದೆಂದು ಮಾತಾಯಿತು.

"ಹೋಗಿ ಬರ್ರಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ಮುಯ್ಯಾಳ ನಮ್ಮ ಕಡೀನೂ ಅದಾವ. ತೀರಸಲಿಲ್ಲಂದ್ರ ಮಣ್ಣಿಗೆ ಹೋದಮ್ಯಾಲೂ ಮೈ ತುರಸ್ತೈತಿ ಅಂತಾರ ನಮ್ಮಂದಿ."

ಎರಡು ವಿಮಾನ ಹತ್ತಿ ಇಳಿದ ಈಶ್ವರಮ್ಮ, ನಿಲ್ದಾಣದಲ್ಲಿ ಕಾಯುತ್ತಿದ್ದ ನಿಜಮ್ಮನನ್ನು ಕಂಡವಳೇ ಮೊದಲು ತೆಗೆದದ್ದು ಗಗನಸಖಿಯ ದನಿ. "ಸೀಟ್ ಬೆಲ್ಟ್ ಪ್ಲೀಸ್" ಎಂದು ಹುಡುಗಿಯ ಸೊಂಟ ಬಿಗಿದಪ್ಪಿದಳು.

ಅಜ್ಜಿಯ ಹೆಸರು ಫ್ರಾಂಚ್ಕಾ. ಈಶ್ವರಮ್ಮನ ನಾಲಿಗೆಯಲ್ಲಿ ಅವಳು ಪಂಚಕ್ಕ ಆದಳು. ಎಪ್ಪತ್ತೆಂಟು ವರ್ಷ, ತಲೆಗೆ ಕಟ್ಟಿದ ಚೌಕ, ಕಲ್ಲು ಗಂಟಿನಂಥ ಕೈ. ಮನೆಯ ಹಿಂದೆ ಬೆಟ್ಟ ಗೋಡೆಯ ಹಾಗೆ ಎದ್ದಿತ್ತು, ಅದರ ಮೈತುಂಬ ಮೊಣಕಾಲೆತ್ತರದ ಹುಲ್ಲು. ಕೆಳಗಿನ ಬಯಲಲ್ಲಿ ನಿಜಮ್ಮನ ಸೋದರಮಾವ ಟ್ರ್ಯಾಕ್ಟರು ಓಡಿಸುತ್ತಿದ್ದ. ಮೇಲಿನ ಕಡಿದಾದ ಕಡೆ ಟ್ರ್ಯಾಕ್ಟರು ಹತ್ತದು, ಅಲ್ಲಿ ಕೈಕೆಲಸವೇ. ಕೊಯ್ದ ಹುಲ್ಲನ್ನು ಒಣಗಿಸಲು ಹೊಲದಲ್ಲೇ ಉದ್ದಕ್ಕೆ ಮರದ ಅಡ್ಡಪಟ್ಟಿಗಳನ್ನು ಕಟ್ಟಿ ಮೇಲೊಂದು ಸೂರು ಹೊದಿಸಿದ್ದರು. ಗೋಡೆ ಮರೆತ ಮನೆಯ ಹಾಗಿತ್ತು. ‘ನಮ್ಮೂರಿಗೆ ಬಂದಿದ್ದರೆ ಇದನ್ನೂ ಬಾಡಿಗೆಗೆ ಕೊಡ್ತಿದ್ವಿ’ ಅಂದುಕೊಂಡಳು ಈಶ್ವರಮ್ಮ.

ಹೊಲ ನೋಡಿ ಅವಳ ಅಂಗೈ ತುರಿಸಿತು. ಆದರೆ ಪಂಚಕ್ಕ ಅವಳನ್ನು ಜಗಲಿಯ ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಿಸಿ, ಅಕ್ರೋಟು ತುಂಬಿದ ಸಿಹಿರೊಟ್ಟಿ ಮುಂದಿಟ್ಟಳು. ಈಶ್ವರಮ್ಮ ಎದ್ದರೆ ಭುಜ ಒತ್ತಿ ಮತ್ತೆ ಕೂರಿಸಿದಳು. ಕಚೇರಿಯಲ್ಲಿ ಅತಿಥಿ ಎಂದು ಸಹಿ ಹಾಕಿ ಬಂದ ಹೆಂಗಸು. ಅತಿಥಿಯ ಕೈಗೆ ಮಣ್ಣು ಹತ್ತಿದರೆ ಅವಳ ಮಾತು ಏನಾಗಬೇಕು?

ಸಂಜೆಯಾಯಿತು. ಈಶ್ವರಮ್ಮ ಕೋಣೆಯಲ್ಲಿ ಸೆರಗು ಸರಿಮಾಡಿಕೊಂಡು, ಕಿವಿಯನ್ನು ಬಾಗಿಲಿಗೆ ಕೊಟ್ಟು ಕೂತಳು. ಹೆಜ್ಜೆ ಸದ್ದು ಬಂತು, ಬಾಗಿಲು ತೆರೆಯಿತು. ಪಂಚಕ್ಕ ಒಳಗೆ ತಲೆ ಹಾಕಿ, "ಲಾಹ್ಕೊ ನೋಚ್" ಎಂದಳು. ಮಲಗು ಅನ್ನುವ ಮಾತೆಂದು ರಾಗದಲ್ಲೇ ತಿಳಿಯಿತು. ಈಶ್ವರಮ್ಮ ಅದೇ ರಾಗದಲ್ಲಿ, ಅದೇ ಮುದಿ ಕರಕರದಲ್ಲಿ, "ಲಾಹ್ಕೊ ನೋಚ್" ಎಂದು ತಿರುಗಿಸಿ ಕೊಟ್ಟಳು. ಪಂಚಕ್ಕ ತನ್ನ ದನಿಯನ್ನು ತಾನೇ ಕೇಳಿ ಬೆಚ್ಚಿ, ಆಮೇಲೆ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು. ಆದರೆ ಕರೆಯಲಿಲ್ಲ.

ಮರುದಿನವೂ ಅದೇ ಕುರ್ಚಿ, ಅದೇ ರೊಟ್ಟಿ, ಸಾಲದ್ದಕ್ಕೆ ಕೆರೆ ತೋರಿಸಲು ಕಾರು. ಕೆಲಸ ಮಾಡಿ ಬೆವರುವವರನ್ನು ಈಶ್ವರಮ್ಮ ಕಂಡಿದ್ದಳು. ಕೂತು ಬೆವರಿದ್ದು ಅದೇ ಮೊದಲು. ಸಂಜೆ ವೇಣಿಗೆ ಫೋನು ಮಾಡಿದಳು.

"ಕರೀತಾನೇ ಇಲ್ಲ ಕಣೆ."

"ಅಮ್ಮಾ, ಅವರಿಗೆ ಅದೆಲ್ಲ ಗೊತ್ತಿರಲ್ಲ. ನೀನೇ ಹೋಗಿ ಕೆಲಸ ಕೊಡಿ ಅಂತ ಕೇಳು."

"ಕೇಳ್ಕೊಂಡು ಓಗೋದು ಕೂಲಿಗೆ. ಮುಯ್ಯಾಳನ್ನ ಮನೆಯೋರೇ ಕರೀಬೇಕು. ನಾನು ಅಷ್ಟು ದಿನ ಬಾಗಿಲಲ್ಲಿ ನಿಂತು ಕರೆದ್ನಲ್ಲ, ನಿಜಮ್ಮನೂ ಮರೆತ್ಲಾ?" ಅವಳ ದನಿಯಲ್ಲಿ ಆಗ ಯಾರ ಅಣಕವೂ ಇರಲಿಲ್ಲ. "ಕರೀದೇ ಇದ್ರೆ ಇಂಗೇ ತಿಂದ್ಕೊಂಡು ವಾಪಸ್ ಬರ್ಬೇಕಾಯ್ತದೆ. ಮುಯ್ಯಿ ತೀರ್ಸಕ್ಕೆ ಬಂದೋಳು ಇನ್ನೊಂದಿಷ್ಟು ಒತ್ಕೊಂಡು ಬಂದಂಗೆ."

ಮೂರನೆಯ ದಿನ ಮಧ್ಯಾಹ್ನ ಬೆಟ್ಟದ ತುದಿಯಲ್ಲಿ ಮೋಡ ಕಪ್ಪಗೆ ಕೂತಿತು. ಮೇಲಿನ ಇಳಿಜಾರಿನಲ್ಲಿ ಎರಡು ದಿನದಿಂದ ಒಣಗಿಸಿದ ಹುಲ್ಲು ಹರಡಿಕೊಂಡಿತ್ತು. ನೆಂದರೆ ಹಸುಗಳಿಗೆ ಚಳಿಗಾಲದಲ್ಲಿ ಮೇವಿಲ್ಲ. ಪಂಚಕ್ಕ, ನಿಜಮ್ಮ, ಮಾವ ಮೂವರೂ ಮೇಲಕ್ಕೆ ಓಡಿದರು. ನಾಲ್ಕು ಮೂಲೆಗೆ ಹಗ್ಗವಿದ್ದ ದಪ್ಪ ಬಟ್ಟೆಗೆ ಹುಲ್ಲು ತುಂಬಿ, ಒಂದೊಂದು ಹೊರೆಯನ್ನು ಇಬ್ಬಿಬ್ಬರು ಹಿಡಿದು ಎಳೆದು ಕೊಟ್ಟಿಗೆಯ ಅಟ್ಟಕ್ಕೆ ತರತೊಡಗಿದರು. ಕಾಲುದಾರಿ ಕಿರಿದು. ಒಂದು ಹೊರೆ ಇಳಿಯುವಷ್ಟರಲ್ಲಿ ಗುಡುಗು ಎರಡು ಸಲ ಕೇಳಿತು.

ಕುರ್ಚಿಯಲ್ಲಿದ್ದ ಈಶ್ವರಮ್ಮ ಆಕಾಶ ನೋಡಿದಳು. ಮಳೆ! ಮಳೆಗೂ ಬೆಂಕಿಗೂ ಕರೆ ಬೇಕಿಲ್ಲ.

ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದಳು. ಟವೆಲನ್ನು ಹುರಿ ಮಾಡಿ ಸುತ್ತಿ ಸಿಂಬೆ ಮಾಡಿ ತಲೆಗಿಟ್ಟಳು. ಮೇಲೆ ಹೋಗಿ ಒಂದು ಹೊರೆಯ ಮುಂದೆ ನಿಂತು, "ಎತ್ರೀ" ಎಂದು ಕೈಯಲ್ಲೇ ಹೇಳಿದಳು. ಮೂವರೂ ಬಾಯಿ ಬಿಟ್ಟು ನೋಡಿದರು. "ಎತ್ತಮ್ಮೀ ನಿಜಮ್ಮಾ, ಮಳೆ ನಿನ್ನ ಮಖ ನೋಡ್ತಾ ನಿಂತ್ಕೊಳ್ತದಾ!" ಎಂದು ಅರಚಿದ ಮೇಲೆ ಹೊರೆ ಅವಳ ತಲೆ ಸೇರಿತು.

ಇಬ್ಬರು ಎಳೆಯುತ್ತಿದ್ದುದನ್ನು ಒಬ್ಬಳು ಹೊತ್ತು, ಎರಡೂ ಕೈ ಬೀಸುತ್ತ, ಕತ್ತು ಅಲುಗಿಸದೆ ಇಳಿದಳು. ನಲವತ್ತು ವರ್ಷ ಬದುವಿನ ಮೇಲೆ ಬುಟ್ಟಿ ಹೊತ್ತು ನಡೆದ ಕಾಲಿಗೆ ಬೆಟ್ಟವೂ ಒಂದು ಬದುವೇ. ಹುಲ್ಲಿನ ಒಳಗಿಂದ ಟ್ಯಾಂಕರು ರಿವರ್ಸ್ ಹೋಗುವ ಕೀಂ ಕೀಂ ಕೇಳಿಬರುತ್ತಿತ್ತು. ಎದುರು ಬರುವವರು ದಾರಿ ಬಿಡಲಿ ಎಂದು. ಒಂದು, ಎರಡು, ಐದು, ಒಂಬತ್ತು. ಕೊನೆಯ ಹೊರೆ ಅಟ್ಟಕ್ಕೆ ಬಿದ್ದಾಗ ಮೊದಲ ಹನಿ ಅವಳ ಮೂಗಿನ ಮೇಲೆ ಬಿತ್ತು.

ಅಡುಗೆಮನೆಯಲ್ಲಿ ಎಲ್ಲರೂ ಒಲೆಯ ಸುತ್ತ ಕೂತಾಗ ನಿಜಮ್ಮ ಫೋನಿನಲ್ಲಿ ವೇಣಿಯನ್ನು ಹಿಡಿದಳು. ಇಷ್ಟು ಚೆನ್ನಾಗಿ ಮಾಡುವವರು ಕೆಲಸ ಕೊಡಿ ಎಂದು ಎರಡು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ವೇಣಿ ಅಮ್ಮನ ಉತ್ತರ ಹೇಳಿದಳು, ಮುಯ್ಯಿಯ ಕಥೆಯನ್ನು ಮೊದಲಿಂದ ಹೇಳಿದಳು. ಹುಡುಗಿಯ ಕೈ ಬಾಯಿಗೆ ಹೋಯಿತು. ಬಾಗಿಲಾಚೆ ನಿಂತು ಕರೆಯುತ್ತಿದ್ದುದನ್ನು ಅವಳು ಮೆಟ್ರೊ ದನಿ, ಟ್ಯಾಂಕರು ದನಿಗಳ ಜೊತೆಗೆ ಇನ್ನೊಂದು ತಮಾಷೆಯ ಅಣಕವೆಂದೇ ತಿಳಿದಿದ್ದಳಂತೆ!

"ನೋಡಮ್ಮ, ಇಪ್ಪತ್ನಾಲ್ಕು ಗಂಟೆ ಮಿಮಿಕ್ರಿ ಮಾಡಿದ್ರೆ ಹಿಂಗೇ ಆಗೋದು" ಎಂದಳು ವೇಣಿ ಫೋನಿನಿಂದ.

ನಿಜಮ್ಮ ಅಜ್ಜಿಗೆ ಅವರ ಭಾಷೆಯಲ್ಲಿ ಎಲ್ಲ ಬಿಡಿಸಿದಳು. ಪಂಚಕ್ಕ ಒಲೆಗೆ ಇನ್ನೊಂದು ಕಟ್ಟಿಗೆ ಒಡ್ಡಿದಳು. ಆಮೇಲೆ ಮೆಲ್ಲಗೆ ಏನೋ ಹೇಳಿದಳು. ತಾನು ಚಿಕ್ಕವಳಿದ್ದಾಗ ಇಲ್ಲೂ ನೆರೆಯವರ ಕೆಲಸಕ್ಕೆ ನೆರೆಯವರು ಹೋಗುತ್ತಿದ್ದರು, ಟ್ರ್ಯಾಕ್ಟರು ಬಂದ ಮೇಲೆ ಯಾರೂ ಯಾರನ್ನೂ ಕರೆಯುವುದಿಲ್ಲ ಎಂದಳಂತೆ. ಎದ್ದು, ಚೌಕ ಬಿಗಿದುಕೊಂಡು, ಮೊಮ್ಮಗಳ ತೋಳು ಹಿಡಿದು ಹೊರಗೆ ನಡೆದಳು. ಬಾಗಿಲು ಮುಚ್ಚಿಕೊಂಡಿತು. ಆಚೆಯಿಂದ ಪಿಸುಪಿಸು ಕೇಳಿತು, ಯಾರೋ ಯಾರಿಗೋ ಪಾಠ ಹೇಳಿಕೊಡುತ್ತಿದ್ದ ಹಾಗೆ.

ಸೂರಿನ ನೀರು ತೊಟ್ಟಿಕ್ಕುತ್ತಿದ್ದ ಆ ಹೊಸ್ತಿಲಾಚೆಯಿಂದ ಮುದಿ ದನಿಯೊಂದು ಎದ್ದಿತು.

"ಈಸ್ವರಮ್ಮಾ... ನಾಲೆ ಆಲಿಗೆ ಬಾ!"

ಈಶ್ವರಮ್ಮ ಎದ್ದು ನಿಂತಳು. ಒದ್ದೆ ಸೆರಗನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು. ಗಂಟಲಲ್ಲಿದ್ದ ಬಾಡಿಗೆಯವರೆಲ್ಲ ಆ ಕ್ಷಣ ಮನೆ ಖಾಲಿ ಮಾಡಿದ್ದರು. ಹೊರಟಿದ್ದು ಅವಳ ಸ್ವಂತ ದನಿ.

"ಬತ್ತೀನಿ ಪಂಚಕ್ಕಾ. ಮುದ್ದೆ ಮಾಡಿರು."

ಹಿಟ್ಟು ತಾನೇ ತಂದಿದ್ದಳಾದ್ದರಿಂದ ಮುದ್ದೆಯನ್ನೂ ತಾನೇ ಮಾಡಬೇಕಾಯಿತು, ಅದು ಬೇರೆ ಮಾತು. ಮರುದಿನದಿಂದ ಕುಡುಗೋಲು ಹೊರಬಿತ್ತು. ಕಲ್ಲುಗೋಡೆಯ ಬುಡ, ಹಣ್ಣಿನ ಮರಗಳ ಸಂದು, ಪಂಚಕ್ಕನ ಉದ್ದ ಹಿಡಿಯ ಹುಲ್ಲುಗತ್ತಿ ಆಡದ ಮೂಲೆಗಳಲ್ಲೆಲ್ಲ ಈಶ್ವರಮ್ಮ ಕುಕ್ಕರುಗಾಲಲ್ಲಿ ಕೂತು ಬೋಳಿಸಿಟ್ಟಳು. ಪ್ರತಿ ಸಂಜೆ ಪಂಚಕ್ಕ ಹೊರಗೆ ಹೋಗಿ ಕರೆದಳು. ಹದಿನಾಲ್ಕು ಸಲ. ಕೊನೆಕೊನೆಗೆ ಅವಳ ‘ಳ’ ಕೂಡ ನೆಟ್ಟಗಾಗಿತ್ತು.

ವಿಮಾನ ನಿಲ್ದಾಣದಿಂದ ಅಕ್ಕನನ್ನು ಕರೆತರುವಾಗ ಲೋಕೇಶನಿಗೆ ತಡೆಯಲಾಗಲಿಲ್ಲ. "ಅಕ್ಕೋ, ಏನೇನ್ ನೋಡಿದೆ ಫಾರಿನ್‌ನಾಗೆ?"

"ಉಲ್ಲು."

"ಅಷ್ಟೇನಾ?"

"ನಮ್ಮವ್ವ ಏನ್ ಏಳಿ ಓದ್ಳೋ ಅದನ್ನ ನಾನೂ ಏಳಿ ಓಗ್ಬೌದು ಕಣ್ಲಾ. ಇನ್ನೇನ್ ನೋಡಬೇಕು?"

ಮನೆ ಮುಂದೆ ಇಳಿದಾಗ ಲೋಕೇಶ ಹೇಳಿಸಿಕೊಳ್ಳದೆಯೇ ಅಕ್ಕನ ಪೆಟ್ಟಿಗೆ ಹೊತ್ತು ಒಳಗಿಟ್ಟ. ಅವನ ಜೀವನದಲ್ಲಿ ಅದೊಂದು ದಾಖಲೆ.

ತೋಟ ಕಣ್ಣಿಗೆ ತಂಪಾಗಿತ್ತು. ದಂಟು ಎದ್ದು ನಿಂತಿತ್ತು, ಮೆಂತ್ಯ ಹೊಸದಾಗಿ ಮೊಳೆತಿತ್ತು, ಮಡಿಗಳಲ್ಲಿ ಒಂದು ಕಳೆಯಿಲ್ಲ. ಈಶ್ವರಮ್ಮ ಒಂದೊಂದನ್ನೂ ಮುಟ್ಟಿ ನೋಡಿ, ಒಳಗೆ ಬಂದು ಕಾಲು ಚಾಚಿ ಕೂತಳು. ಮೈಮೇಲೆ ಯಾರ ಮುಯ್ಯಿಯೂ ಇಲ್ಲದ ಸಂಜೆ. ವೇಣಿ ಕಾಫಿ ತಂದುಕೊಟ್ಟಳು. ಲೋಟ ಅರ್ಧವಾಗಿರಬೇಕು, ಹೊಸ್ತಿಲಾಚೆ ಯಾರೋ ಬಂದು ನಿಂತ ನೆರಳು ಬಿತ್ತು. ರುಕ್ಮವ್ವ. ಸೆರಗು ತಲೆಮೇಲೆ ಎಳೆದುಕೊಂಡು, ಒಳಗೆ ಬರದೆ ನಿಂತೇ ಇದ್ದಳು.

"ಬಾರೇ ರುಕ್ಮವ್ವ, ಯಾಕೆ ಅಲ್ಲೇ ನಿಂತೆ?"

ರುಕ್ಮವ್ವ ಗಂಟಲು ಸರಿಮಾಡಿಕೊಂಡಳು. "ಈಶ್ವರಮ್ಮಾರ, ಹದಿನೆಂಟ ದಿನ ನಿಮ್ಮ ತ್ವಾಟಾ ನೋಡೇನ್ರಿ. ಬರೋ ಐತವಾರ ನಮ್ಮೂರಾಗ ಶೇಂಗಾ ಹೊಲದಾಗ ಕಸಾ ತೆಗೀಬೇಕ್ರಿ. ಆಳಿಗೆ ಬರ್ರಿ."

ವೇಣಿ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಈಶ್ವರಮ್ಮ ಲೋಟ ಕೆಳಗಿಟ್ಟು ಎದ್ದು ನಿಂತಳು. ಇನ್ನೂ ಬಿಚ್ಚದ ಪೆಟ್ಟಿಗೆಯನ್ನು, ಅದರ ತಳದಲ್ಲಿ ಮಲಗಿದ್ದ ಕುಡುಗೋಲನ್ನು ಒಮ್ಮೆ ನೆನೆದಳು. ಮುಖ ಬೆಟ್ಟದ ಮೇಲಿನ ಬಿಸಿಲಿನ ಹಾಗೆ ಅರಳಿತು.

"ಬತ್ತೀನಿ ಕಣೆ. ಮುದ್ದೆ ಬ್ಯಾಡ, ನಿಮ್ಮ ಕಡೆ ರೊಟ್ಟೀನೇ ಬಡಿದಿರು." ಆಮೇಲೆ ಮಗಳ ಕಡೆ ತಿರುಗಿದಳು. "ಏಯ್ ವೇಣಿ, ಕೊಪ್ಪಳಕ್ಕೆ ಓಗೋಕೆ ಯಾರೂ ಅತಿಥಿ ಅಂತ ಕಾಗದ ಬರೆಯೋದು ಬ್ಯಾಡ ತಾನೆ?"